ಹಠಮಾರಿಯ ಕೊನೆಯ ಸೀಸೆ

ಮಾನ್ಯ ಅಧ್ಯಕ್ಷರೇ, ಇಂದು ನಾವು ಬೀಳ್ಕೊಡುತ್ತಿರುವ ನಮ್ಮ ಡಾಕ್ಟರೇ, ವೇದಿಕೆಯ ಮೇಲಿರುವ ಹಿರಿಯರೇ, ಬಿಳಿ ಕೋಟು ಬಿಚ್ಚಿಟ್ಟು ಬಂದಿರುವ ಮತ್ತು ಬಿಚ್ಚಿಡಲು ಮರೆತು ಬಂದಿರುವ ಲ್ಯಾಬಿನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವ ನಮ್ಮ ಅತ್ತೆಯವರೇ, ಸಭಿಕರೇ,

"ಬಂದು ಹೋದವರನ್ನು ಬಾಗಿಲು ನೆನೆಯುವುದಿಲ್ಲ" ಎಂದು ಒಂದು ಸಾಲು. ಎಲ್ಲಿ ಓದಿದೆನೋ ನೆನಪಿಲ್ಲ. ಬಹುಶಃ ಎಂ.ಎ. ಓದುವಾಗ, ಯಾವುದೋ ಹಳೆಯ ಪತ್ರಿಕೆಯ ಪುಟದ ಮೂಲೆಯಲ್ಲಿ. ಅದರ ಮುಂದಿನ ಸಾಲು ಪೂರ್ತಿ ಮರೆತುಹೋಗಿದೆ. ನಾನು ಈ ಸಂಸ್ಥೆಯ ಗ್ರಂಥಪಾಲಕಿ. ನೀವು ಕೇಳಿದ್ದನ್ನೆಲ್ಲ ಹುಡುಕಿ ಕೊಡುವವಳು. ನನಗೆ ಬೇಕಾದ ಒಂದು ಸಾಲನ್ನು ಮಾತ್ರ ಇವತ್ತಿನವರೆಗೂ ಹುಡುಕಿಕೊಳ್ಳಲಾಗಿಲ್ಲ. ಓದಿದಾಗ ಅದು ಬಹಳ ದೊಡ್ಡ ಸತ್ಯ ಅನ್ನಿಸಿತ್ತು. ಈಗ ಅದರ ಮೇಲೆ ಅನುಮಾನ. ನಿಜವೇ? ಬಾಗಿಲು ಯಾರನ್ನೂ ನೆನೆಯುವುದಿಲ್ಲವೇ?

ಯೋಚಿಸಿ ನೋಡಿದರೆ, ಈ ಕಟ್ಟಡದಲ್ಲಿ ನೀವೆಲ್ಲ ಇಷ್ಟು ವರ್ಷ ಕೇಳುತ್ತಾ ಬಂದಿರುವುದು ಇದೇ ಪ್ರಶ್ನೆಯನ್ನಲ್ಲವೇ? ಎಚ್‌ಐವಿ ಎಂಬ ವೈರಸ್ಸು ಒಬ್ಬರ ಮೈಯ ಬಾಗಿಲಿಗೆ ಬಂದು, ಒಳಗೆ ನೆಲೆ ನಿಲ್ಲಲಾರದೆ ಹೊರಟುಹೋದರೆ, ಆ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆಯೇ? ಇಟ್ಟುಕೊಂಡರೆ ಎಷ್ಟು ಕಾಲ? ಆ ನೆನಪನ್ನು ಇನ್ನೊಬ್ಬರಿಗೆ ಕಲಿಸಿಕೊಡಲು ಸಾಧ್ಯವೇ? ಕಲಿಸಿಕೊಡುವುದಕ್ಕೆ ಲಸಿಕೆ ಎನ್ನುತ್ತಾರೆ. ನಮ್ಮ ಡಾಕ್ಟರು ಅದನ್ನೇ ಹುಡುಕಿದರು. ಸಿಗಲಿಲ್ಲ. ಇಂದು ನಿವೃತ್ತರಾಗುತ್ತಿದ್ದಾರೆ.

ಹೋದ ವಾರ ಡಾಕ್ಟರು ಗ್ರಂಥಾಲಯಕ್ಕೆ ಬಂದು ನನ್ನನ್ನು ಒಂದು ಮಾತು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದೆ. ನಾನು ಭಾಷಣ ಮಾಡಲು ಒಪ್ಪಿಕೊಂಡದ್ದು ನನ್ನ ಕನ್ನಡ ಚೆನ್ನಾಗಿದೆ ಎಂದು ನಿರೂಪಕರು ಹೊಗಳಿದ್ದಕ್ಕಲ್ಲ. ಡಾಕ್ಟರಿಗೆ ಆ ಉತ್ತರ ಕೊಡಬೇಕಿದೆ, ಅದಕ್ಕೆ. ಅವರಿಗೂ ಅದು ಏನೆಂದು ಗೊತ್ತಿಲ್ಲ. ನೋಡಿ, ನೀರಿನ ಲೋಟ ಕೈಗೆತ್ತಿಕೊಂಡರು.

ಬೀಳ್ಕೊಡುಗೆ ಎಂದ ಮೇಲೆ ಹೊಗಳಬೇಕು. ಹೊಗಳುತ್ತೇನೆ. ನಮ್ಮ ಡಾಕ್ಟರು ತಮ್ಮ ಇಡೀ ಸೇವಾವಧಿಯಲ್ಲಿ ಅತಿ ಹೆಚ್ಚು ಬಳಸಿದ ಪದ ಯಾವುದು ಹೇಳಿ? ಸರಿ, ಎಲ್ಲರೂ ಒಟ್ಟಿಗೇ ಹೇಳಿದಿರಿ: "ಇರಬಹುದು." ಪ್ರಯೋಗ ಗೆದ್ದಿತೇ ಎಂದರೆ ಇರಬಹುದು. ಸೋತಿತೇ ಎಂದರೆ ಅದೂ ಇರಬಹುದು. ಅವರ ಮನೆಯವರು ಒಮ್ಮೆ ನನಗೆ ಫೋನು ಮಾಡಿ, "ಮೇಡಂ, ಇವಳ ಊಟ ಆಯ್ತಾ ಅಂತ ಸ್ವಲ್ಪ ನೋಡ್ತೀರಾ? ಇವಳನ್ನೇ ಕೇಳಿದ್ರೆ 'ಆಗಿರಬಹುದು' ಅಂತಾಳೆ" ಎಂದಿದ್ದರು. ನಾವು ನಗುತ್ತೇವೆ. ಆದರೆ ಖಚಿತವಾಗಿ ಮಾತಾಡುವವರ ನಡುವೆ ಬಹಳ ದಿನ ಬದುಕಿದವರಿಗೆ ಆ 'ಇರಬಹುದು' ಎಷ್ಟು ತಂಪು ಎಂದು ನಾನು ಬಲ್ಲೆ.

ಈಗ ಹಠಮಾರಿಯ ವಿಷಯಕ್ಕೆ ಬರುತ್ತೇನೆ.

ಹಠಮಾರಿ ಎಂದ ಕೂಡಲೇ ಲ್ಯಾಬಿನವರ ಮುಖ ಅರಳಿತು. ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಒಂದು ಪರೀಕ್ಷೆಯಿದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಸಣ್ಣ ಸಣ್ಣ ಗುಳಿಗಳು. ಪ್ರತಿ ಗುಳಿಗೂ ಒಬ್ಬರ ರಕ್ತದ ಬಿಳಿಯ ಕಣಗಳನ್ನು ಹಾಕಿ, ವೈರಸ್ಸಿನ ಚೂರುಗಳನ್ನು ಸೇರಿಸುತ್ತಾರೆ. ರೋಗ ತರಲಾರದ, ಲ್ಯಾಬಿನಲ್ಲೇ ತಯಾರಾದ ಚೂರುಗಳವು. ಆ ಚೂರನ್ನು ಮೊದಲೇ ಕಂಡು ಬಲ್ಲ ಕಣ ಅಲ್ಲಿದ್ದರೆ, ಅದು ಇದ್ದಲ್ಲಿ ಒಂದು ನೀಲಿ ಚುಕ್ಕಿ ಮೂಡುತ್ತದೆ. ಪರಿಚಯವಿಲ್ಲದಿದ್ದರೆ ಗುಳಿ ಖಾಲಿ. ಚುಕ್ಕಿಗಳನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ಯಾರ ರಕ್ತವೆಂದು ಎಣಿಸುವವರಿಗೆ ಗೊತ್ತಿರಬಾರದು. ಮನೆಯಲ್ಲಿ ಹೆಂಡತಿಯ ಮಾತು ನಂಬದ ಗಂಡಸರೂ ಇಲ್ಲಿ ಈ ನಿಯಮವನ್ನು ಮಾತ್ರ ಮೀರುವುದಿಲ್ಲ.

ರೋಗವಿದ್ದವರ ರಕ್ತದ ಜೊತೆಗೆ ಆರೋಗ್ಯವಂತರ ರಕ್ತವನ್ನೂ ಹೋಲಿಕೆಗೆಂದು ಇಡುತ್ತಾರೆ. ಅದನ್ನು ಕೊಡುವವರು ನಾವೇ: ಕಚೇರಿಯವರು, ಡ್ರೈವರು, ಗ್ರಂಥಾಲಯದವರು. ಕೊಟ್ಟವರಿಗೆ ಒಂದು ಲೋಟ ಟೀ, ಎರಡು ಬಿಸ್ಕತ್ತು. ಹೋಲಿಕೆಯ ಗುಳಿಗಳು ಖಾಲಿ ಇರಬೇಕು. ಅದೇ ಅವುಗಳ ಕೆಲಸ.

ಒಂದು ಸಲ ಹೋಲಿಕೆಯ ಗುಳಿಯಲ್ಲಿ ಚುಕ್ಕಿ ಬಂತು.

ಇದೋ, ಎರಡನೆಯ ಸಾಲಿನಲ್ಲಿ ಕೂತಿರುವ ನಮ್ಮ ತಂತ್ರಜ್ಞರು ಅಂದು ಮೇಲಿನವರಿಂದ ಬೈಸಿಕೊಂಡ ಬೈಗುಳ ಕಾರಿಡಾರು ದಾಟಿ ಗ್ರಂಥಾಲಯದವರೆಗೂ ಕೇಳಿಸಿತ್ತು. "ಟ್ಯೂಬ್ ಅದಲು ಬದಲು ಮಾಡಿದೀರಿ! ನಿದ್ದೆ ಮಾಡ್ಕೊಂಡು ಪೈಪೆಟ್ ಹಿಡೀತೀರಾ?" ಅವರು ತಟ್ಟೆಯನ್ನು ಕಸಕ್ಕೆ ಹಾಕಿ, ಅದೇ ರಕ್ತದಿಂದ ಮತ್ತೊಂದು ಹಾಕಿದರು. ಮತ್ತೆ ಚುಕ್ಕಿ. ಮತ್ತೆ ಬೈಗುಳ. ಪೈಪೆಟ್ಟು ಬದಲಾಯಿತು, ದ್ರಾವಣ ಬದಲಾಯಿತು, ಕೊನೆಗೆ ಹಾಕುವವರೇ ಬದಲಾದರು. ಚುಕ್ಕಿ ಬದಲಾಗಲಿಲ್ಲ. ನಮ್ಮ ತಂತ್ರಜ್ಞರು ರೋಸಿಹೋಗಿ ಆ ಟ್ಯೂಬಿನ ಮೇಲೆ ಒಂದು ಚೀಟಿ ಅಂಟಿಸಿದರು: ಹಠಮಾರಿ. ಹೆಸರು ನಿಂತುಬಿಟ್ಟಿತು. ಹಠಮಾರಿಯ ಮೇಲೆ ಪ್ರಬಂಧಗಳಾದವು, ಜಗಳಗಳಾದವು. ಹೊಸದಾಗಿ ಸೇರಿದ ಒಬ್ಬರು ಕ್ಯಾಂಟೀನಿನಲ್ಲಿ ನನ್ನ ಎದುರೇ ಕುಳಿತು, "ಹಠಮಾರಿ ಅಂದ್ರೆ ಯಾರೋ ದೊಡ್ಡ ಪೈಲ್ವಾನ್ ಇರ್ಬೇಕು ಮೇಡಂ" ಎಂದಿದ್ದರು. ನಾನು, ಇರಬಹುದು ಎಂದೆ.

ಸಭಿಕರೇ, ಆ ಪೈಲ್ವಾನ್ ನಾನೇ.

ಈ ಗುಟ್ಟು ಇಷ್ಟು ದಿನ ಗೊತ್ತಿದ್ದುದು ಡಾಕ್ಟರಿಗೆ, ತಂತ್ರಜ್ಞರಿಗೆ ಮತ್ತು ನಮ್ಮ ಅತ್ತೆಗೆ. ಅವರು ಯಾರೂ ಬಾಯಿಬಿಡಲಿಲ್ಲ. ಇಂದು ನಾನೇ ಬಿಟ್ಟಿದ್ದೇನೆ.

ರಕ್ತ ಕೊಡುವಾಗ, ನಿಮಗೆ ಏನಾದರೂ ಕಾಯಿಲೆ ಇದೆಯೇ ಎಂದು ಕೇಳಿದ್ದರು. ಇಲ್ಲ ಎಂದೆ, ಅದು ನಿಜ. ನಿಮ್ಮ ಮನೆಯವರು ಯಾವುದರಿಂದ ತೀರಿಹೋದರು ಎಂದು ಯಾರೂ ಕೇಳಲಿಲ್ಲ.

ನಮ್ಮ ಮನೆಯವರು ಬೋರ್ಡು ಬರೆಯುತ್ತಿದ್ದರು. ಅಂಗಡಿಗಳ ನೆತ್ತಿಯ ಮೇಲೆ, ಏಣಿ ಹತ್ತಿ, ಬಣ್ಣದ ಡಬ್ಬಿಯನ್ನು ಮೆಟ್ಟಿಲಿಗೆ ಕೊಕ್ಕೆ ಹಾಕಿ ತೂಗುಬಿಟ್ಟು, ಗೆರೆ ಹೊಡೆಯದೆ ಬರೆಯುವವರು. ನಾನು ಪದ್ಯ ಓದುತ್ತಿದ್ದರೆ ಹೆಗಲ ಮೇಲಿಂದ ಬಗ್ಗಿ ನೋಡಿ, "ಇದ್ಯಾಕೆ ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ? ನಾನಾಗಿದ್ರೆ ಅಂಗಡಿಯವನು ದುಡ್ಡೇ ಕೊಡ್ತಿರಲಿಲ್ಲ" ಎನ್ನುತ್ತಿದ್ದರು. ಮದುವೆಯಾಗಿ ಕೆಲವು ವರ್ಷ ಸುಖವಾಗಿದ್ದೆವು. ಸುಖ ಎಂದರೆ ಏನು ಎಂದು ಈ ವಯಸ್ಸಿನಲ್ಲಿ ವೇದಿಕೆಯ ಮೇಲೆ ವಿವರಿಸಲಾರೆ. ಮಕ್ಕಳಾಗಲಿಲ್ಲ. ಆಮೇಲೆ ಅವರಿಗೆ ಜ್ವರ ಬಿಡದಾಯಿತು, ತೂಕ ಇಳಿಯಿತು, ರಕ್ತ ಪರೀಕ್ಷೆಯಾಯಿತು. ಎಚ್‌ಐವಿ. ಇವತ್ತು ಬೇಗ ತಿಳಿದು ಮಾತ್ರೆ ತೆಗೆದುಕೊಂಡವರು ಎಲ್ಲರ ಹಾಗೆ ಬದುಕುತ್ತಾರೆ. ನಮಗೆ ತಿಳಿದದ್ದು ತಡವಾಗಿ. ಆಗ ಮಾತ್ರೆ ನಮ್ಮಂಥವರ ಕೈಗೆ ಸಿಗುವಂತೆಯೂ ಇರಲಿಲ್ಲ. ಅವರಿಗೆ ಅದು ಹೇಗೆ ಬಂತು ಎಂಬ ಪ್ರಶ್ನೆ ಈಗ ನಿಮ್ಮಲ್ಲಿ ಕೆಲವರಿಗೆ ಬಂದಿರುತ್ತದೆ. ಮದುವೆಗೆ ಮುಂಚಿನದು ಎಂದಷ್ಟೇ ಅವರು ಹೇಳಿದರು. ನಾನು ಅಲ್ಲಿಗೇ ಬಿಟ್ಟೆ. ನೀವೂ ಬಿಡಿ.

ನನ್ನನ್ನು ಪರೀಕ್ಷೆ ಮಾಡಿದರು. ಇಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಮಾಡಿದರು. ಇಲ್ಲ. ಆ ದಿನ ನಮ್ಮವರು ಹಾಸಿಗೆಯ ಮೇಲೆ ಎದ್ದು ಕೂತು, ಬಹಳ ದಿನಗಳ ಮೇಲೆ ನಕ್ಕರು. "ಸದ್ಯ ಕಣೇ! ನನ್ನಿಂದ ನಿನಗೆ ಏನೂ ಬರ್ಲಿಲ್ಲ, ಬಣ್ಣದ ವಾಸನೆ ಒಂದು ಬಿಟ್ಟು." ನಗುತ್ತಿದ್ದವರು ಹಾಗೆಯೇ ಅಳತೊಡಗಿದರು. ನಾನು ಅವರ ಬೆರಳುಗಳನ್ನು ಮೂಸಿ ನೋಡಿದೆ. ಉಗುರಿನ ಸಂದಿಯಲ್ಲಿ ಟರ್ಪೆಂಟೈನಿನ ವಾಸನೆ ಇನ್ನೂ ಇತ್ತು.

ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ. ಇರಲಿ.

ಅವರು ಹೋದರು. ಮನೆ ತುಂಬ ನೆಂಟರು. ಅತ್ತೆ, ಮುಂದಿನದನ್ನು ಹೇಳಲೇ? ಬೆಳಿಗ್ಗೆ ಹೇಳು ಎಂದಿದ್ದೀರಿ. ಈಗ ಮತ್ತೆ ಕೇಳುತ್ತಿದ್ದೇನೆ. ಸರಿ, ತಲೆಯಾಡಿಸಿದರು.

ಅತ್ತೆ ಎಲ್ಲರ ಎದುರು ನನ್ನನ್ನು ನೋಡಿ ಹೇಳಿದರು: "ನನ್ನ ಮಗ ಕರಗಿ ಹೋದ. ನಿನಗೆ ಒಂದು ಕೆಮ್ಮೂ ಇಲ್ಲ. ಹೆಂಡತಿ ಹಾಗೆ ಅವನ ಹತ್ತಿರ ಹೋಗಿದ್ರೆ ತಾನೇ ನಿನಗೆ ಬರೋದು? ಮಕ್ಕಳು ಯಾಕೆ ಆಗ್ಲಿಲ್ಲ ಅಂತ ಈಗ ಗೊತ್ತಾಯ್ತು."

ಸಭಿಕರೇ, ರೋಗ ಬಂದವರನ್ನು ಜನ ಅನುಮಾನಿಸುವುದನ್ನು ನೀವು ಕೇಳಿದ್ದೀರಿ. ರೋಗ ಬಾರದೆ ಹೋದದ್ದಕ್ಕೆ ಅನುಮಾನಕ್ಕೆ ಗುರಿಯಾದವರನ್ನು ಕಂಡಿದ್ದೀರಾ? ನನ್ನ ಆರೋಗ್ಯವೇ ನನ್ನ ಮೇಲಿನ ಆರೋಪ. ನಾನೇನು ಹೇಳಲಿ? ಅವರ ಜೊತೆ ಸಂಸಾರ ಮಾಡಿದೆ ಎಂಬುದಕ್ಕೆ ಸಾಕ್ಷಿಗೆ ಯಾರನ್ನು ಕರೆಯಲಿ? ಇದ್ದ ಒಬ್ಬ ಸಾಕ್ಷಿ ಹೊರಟುಹೋಗಿದ್ದರು.

ಅತ್ತೆ ಮಗನ ಕೋಣೆಗೆ ಬೀಗ ಹಾಕಿದರು. ನನ್ನ ಹಾಸಿಗೆ ಮುಂದಿನ ಕೋಣೆಗೆ ಬಂತು. ಅವರಿಗೂ ಬೇರೆ ದಿಕ್ಕಿರಲಿಲ್ಲ, ನನಗೂ ಇರಲಿಲ್ಲ. ಒಂದೇ ಒಲೆಯ ಮೇಲೆ ಅಡುಗೆ ಮಾಡಿಕೊಂಡು ಇದ್ದೆವು. ಮಾತು ಎಂದರೆ "ಹಾಲು ಬಂತು", "ನೀರು ನಿಂತ್ಹೋಯ್ತು", ಅಷ್ಟೇ. ನಾನು ಇಲ್ಲಿ ಕೆಲಸಕ್ಕೆ ಸೇರಿದೆ. ಪುಸ್ತಕಗಳು ಯಾರನ್ನೂ ಏನೂ ಕೇಳುವುದಿಲ್ಲವಲ್ಲ.

ಆಮೇಲೆ ಚುಕ್ಕಿ. ಡಾಕ್ಟರು ನನ್ನನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಬಹಳ ಮೆಲ್ಲಗೆ ಕೇಳಿದರು: "ಮೇಡಂ, ನಿಮ್ಮ ಯಜಮಾನರು…?" ನಾನು ಹೇಳಿದೆ. ಹೇಳಿ ಮುಗಿಯುವವರೆಗೂ ಅವರು ಪೆನ್ನು ಮುಟ್ಟಲಿಲ್ಲ. ನನ್ನನ್ನು ಹೊಸದಾಗಿ ಪರೀಕ್ಷಿಸಿದರು, ವೈರಸ್ಸು ಇಲ್ಲ. ಕೆಲವರ ರಕ್ತಕಣಗಳಲ್ಲಿ ಹುಟ್ಟಿನಿಂದಲೇ ಆ ವೈರಸ್ಸು ಹಿಡಿದುಕೊಳ್ಳುವ ಹಿಡಿಕೆ ಇರುವುದಿಲ್ಲವಂತೆ. ಅದನ್ನೂ ನೋಡಿದರು, ನನ್ನಲ್ಲಿ ಎಲ್ಲರಂತೆ ಇತ್ತು. "ಹಾಗಾದ್ರೆ ನನಗೆ ಯಾಕೆ ಬರ್ಲಿಲ್ಲ ಡಾಕ್ಟ್ರೇ?" ಎಂದೆ. "ಗೊತ್ತಿಲ್ಲ. ಈ ಚುಕ್ಕಿಯಿಂದಲೇ ನೀವು ಉಳಿದಿರಿ ಅಂತ ಹೇಳೋಕೆ ಬರಲ್ಲ. ಇರಬಹುದು. ಆದ್ರೆ ಒಂದು ಮಾತು ಹೇಳ್ತೀನಿ. ನಿಮ್ಮ ಮೈಗೆ ಆ ವೈರಸ್ಸಿನ ಪರಿಚಯ ಇದೆ. ಅದು ನಿಮ್ಮ ಹತ್ತಿರ ಬಂದಿದೆ. ಒಂದು ಸಲ ಅಲ್ಲ, ಬಹುಶಃ ಎಷ್ಟೋ ಸಲ."

ಡಾಕ್ಟರು ನೋಡಿದ್ದು ಲಸಿಕೆಯ ದಾರಿಯನ್ನು. ನಾನು ಏನು ನೋಡಿದೆ ಎಂದು ನೀವೇ ಊಹಿಸಿಕೊಳ್ಳಿ. ಮನಸ್ಸಿನಲ್ಲೇ ಅಂದುಕೊಂಡೆ: ಬಂದಿತ್ತು ಕಣ್ರೀ. ನಿಮ್ಮಿಂದ ನನಗೆ ಬಣ್ಣದ ವಾಸನೆಯೊಂದೇ ಅಲ್ಲ, ಇದೂ ಬಂದಿತ್ತು.

"ಈ ಮಾತನ್ನ ನಮ್ಮ ಅತ್ತೆಗೆ ಹೇಳ್ತೀರಾ?" ಎಂದು ಕೇಳಿದೆ. ಡಾಕ್ಟರು, "ಹೇಳೋದ್ಯಾಕೆ, ಕರ್ಕೊಂಡು ಬನ್ನಿ, ತೋರಿಸ್ತೀನಿ" ಎಂದರು.

ಅತ್ತೆಗೆ ಪಾದರಕ್ಷೆಯ ಮೇಲೆ ನೀಲಿ ಚೀಲ ತೊಡಿಸಿ ಲ್ಯಾಬಿನೊಳಗೆ ಕೂರಿಸಿದರು. ತಂತ್ರಜ್ಞರು ಎರಡು ತಟ್ಟೆ ಇಟ್ಟರು. ಮೊದಲನೆಯದು ತಂತ್ರಜ್ಞರದೇ ರಕ್ತದ್ದು, ಖಾಲಿ. ಎರಡನೆಯದು ನನ್ನದು. ಅತ್ತೆ ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ. ಡಾಕ್ಟರು ಹೇಳಿದರು: "ನೋಡಿ ಅಮ್ಮ, ನಿಮ್ಮ ಮಗನ ಮೈಯಲ್ಲಿದ್ದದ್ದು ಇವರ ಮೈಯ ಬಾಗಿಲಿಗೂ ಬಂದಿತ್ತು. ಹತ್ತಿರ ಇಲ್ಲದವರಿಗೆ ಈ ಚುಕ್ಕಿ ಬರಲ್ಲ." ಆ ಒಂದು ದಿನ ಡಾಕ್ಟರು 'ಇರಬಹುದು' ಎನ್ನಲಿಲ್ಲ. ವಿಜ್ಞಾನಕ್ಕೆ ಅದು ತಪ್ಪೋ ಏನೋ, ನನಗೆ ತಿಳಿಯದು. ಅವರು ನನಗೆ ಮಾಡಿದ ಉಪಕಾರ ಅದು.

ಬಸ್ಸಿನಲ್ಲಿ ಅತ್ತೆಯೇ ಇಬ್ಬರ ಟಿಕೆಟು ತೆಗೆದರು. ಮನೆಗೆ ಬಂದರು, ಕೈಕಾಲು ತೊಳೆದರು, ಮಗನ ಕೋಣೆಯ ಬೀಗ ತೆಗೆದರು. ಕಿಟಕಿ ತೆರೆದು, ಹಾಸಿಗೆ ಕೊಡವಿ, ಒಗೆದ ಚಾದರ ಹಾಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ. "ಅಲ್ಲೇನು ನೆಂಟರ ಹಾಗೆ ನಿಂತಿದೀಯ? ಬಾ. ನಿನ್ನ ಕೋಣೆ, ನೀನು ಮಲಕ್ಕೋ" ಎಂದರು. ಅಷ್ಟೇ. ಕ್ಷಮಿಸು ಎನ್ನಲಿಲ್ಲ, ನಾನೂ ಕೇಳಲಿಲ್ಲ. ಮಾರನೆಯ ದಿನದಿಂದ ಅವರು ನನ್ನನ್ನು "ಮಗಳೇ" ಎಂದು ಕರೆಯತೊಡಗಿದರು. ಬೈಯುವುದೂ ಮಗಳನ್ನು ಬೈದ ಹಾಗೆಯೇ ಆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಡಾಕ್ಟರು ವರ್ಷಕ್ಕೊಮ್ಮೆ ನನ್ನ ರಕ್ತ ತೆಗೆಯುತ್ತಿದ್ದರು. ವರ್ಷ ಹೋದಂತೆ ಚುಕ್ಕಿಗಳು ಕಡಿಮೆಯಾದವು. ನಮ್ಮವರು ಬರೆದ ಬೋರ್ಡುಗಳ ಬಣ್ಣ ಬಿಸಿಲಿಗೆ ಹೇಗೆ ಮಾಸಿತೋ ಹಾಗೆ. ಮೊದಲು ಅಂಚು, ಆಮೇಲೆ ಅಕ್ಷರ. ವೈರಸ್ಸು ಮತ್ತೆ ಮತ್ತೆ ಬರುತ್ತಿದ್ದಷ್ಟು ಕಾಲ ಮೈ ನೆನಪಿಟ್ಟಿತ್ತು. ಬರುವವರೇ ಇಲ್ಲವಾದ ಮೇಲೆ ಮರೆಯತೊಡಗಿತು. "ಎಲ್ಲರಲ್ಲೂ ಹೀಗೇ ಅಂತಲ್ಲ. ಆದ್ರೆ ನಮ್ಮ ಲಸಿಕೆಯ ಕಷ್ಟಾನೂ ಇದೇ ಮೇಡಂ," ಎಂದರು ಡಾಕ್ಟರು. "ಮೈಗೆ ಕಲಿಸಬಹುದು. ಮರೀದೇ ಇರೋ ಹಾಗೆ ಕಲಿಸೋದು ಹೇಗೆ ಅಂತ ಗೊತ್ತಾಗ್ತಿಲ್ಲ." ನಾನು ಮೇಜಿನ ಈಚೆ ಕಡೆ ಕೂತು, ಅದು ಲಸಿಕೆಯ ಕಷ್ಟ ಮಾತ್ರವಲ್ಲ ಡಾಕ್ಟ್ರೇ, ಎಂದುಕೊಂಡೆ.

ಹೋದ ವರ್ಷದ ತಟ್ಟೆ ಪೂರ್ತಿ ಖಾಲಿ. ಚುಕ್ಕಿ ಬಂದದ್ದಕ್ಕೆ ಒಂದು ಕಾಲದಲ್ಲಿ ಬೈಸಿಕೊಂಡ ನಮ್ಮ ತಂತ್ರಜ್ಞರು, ಚುಕ್ಕಿ ಬಾರದ್ದಕ್ಕೆ ತಾವೇ ತಪ್ಪು ಮಾಡಿದವರಂತೆ ಗ್ರಂಥಾಲಯಕ್ಕೆ ಬಂದು ನಿಂತರು. "ಇನ್ನೊಂದು ಸಲ ಹಾಕ್ತೀನಿ ಮೇಡಂ, ನನ್ನ ಕೈಯೇ ತಪ್ಪಿರಬೇಕು." ಹಾಕಿದರು. ಅವರ ಕೈ ತಪ್ಪಿರಲಿಲ್ಲ. ಆ ದಿನ ಕೊಟ್ಟ ಟೀಯನ್ನು ನನಗೆ ಕುಡಿಯಲಾಗಲಿಲ್ಲ. ಗಂಡ ಒಂದು ಸಲ ಹೋಗಿದ್ದರು. ಆ ದಿನ ಮೈಯಿಂದಲೂ ಹೋದರು ಅನ್ನಿಸಿತು.

ಆದರೆ ಒಂದು ಸೀಸೆ ಉಳಿದಿದೆ. ಮೊದಲ ವರ್ಷ ತೆಗೆದ ನನ್ನ ರಕ್ತಕಣಗಳನ್ನು ಕಿರುಬೆರಳಿನಷ್ಟು ಸೀಸೆಗಳಲ್ಲಿ ತುಂಬಿ, ದ್ರವ ಸಾರಜನಕದ ತೊಟ್ಟಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಒಂದೊಂದಾಗಿ ಪ್ರಯೋಗಕ್ಕೆ ಹೋಗಿ ಈಗ ಕೊನೆಯದೊಂದು ಇದೆ. ಅದರೊಳಗಿನ ಕಣಗಳಿಗೆ ನಮ್ಮವರು ಹೋದದ್ದು ನಿನ್ನೆಯಷ್ಟೇ. ಅವು ಇನ್ನೂ ಏನನ್ನೂ ಮರೆತಿಲ್ಲ.

ಅದನ್ನೇ ಡಾಕ್ಟರು ಕೇಳಿದ್ದು. ಹೊಸ ತಂಡದ ಹತ್ತಿರ ಹೊಸ ಉಪಕರಣವಿದೆ. ಆ ಕಣಗಳು ವೈರಸ್ಸಿನ ಯಾವ ಚೂರನ್ನು ಗುರುತು ಹಿಡಿದಿದ್ದವು, ಹೇಗೆ ಹಿಡಿದಿದ್ದವು ಎಂದು ಒಂದೊಂದನ್ನೇ ಓದಬಹುದಂತೆ. ಓದಿದರೆ ಲಸಿಕೆಗೆ ಹೊಸದೊಂದು ಸುಳಿವು ಸಿಗಬಹುದು. ಸಿಗದೆಯೂ ಇರಬಹುದು. ಆದರೆ ಓದಲು ಕರಗಿಸಬೇಕು, ಕರಗಿಸಿದರೆ ಮುಗಿಯಿತು. "ನೀವು ಬೇಡ ಅಂದ್ರೆ ಅದು ಅಲ್ಲೇ ಇರುತ್ತೆ, ನಾನು ಹೋದ ಮೇಲೂ ಯಾರೂ ಮುಟ್ಟಲ್ಲ. ಬರೆದಿಟ್ಟು ಹೋಗ್ತೀನಿ" ಎಂದರು ಡಾಕ್ಟರು. ಬೇಕು ಎಂದು ಅವರು ಒಂದು ಸಲವೂ ಹೇಳಲಿಲ್ಲ. ಅವರಿಗೆ ಎಷ್ಟು ಬೇಕಾಗಿತ್ತು ಎಂದು ನಾನು ಬಲ್ಲೆ.

ಈ ವಾರವೆಲ್ಲ ಊಟದ ಹೊತ್ತಿನಲ್ಲಿ ಮೇಡಂ ಎಲ್ಲಿ ಮಾಯವಾಗುತ್ತಾರೆ ಎಂದು ನೀವು ಕೇಳುತ್ತಿದ್ದಿರಂತೆ. ನಾನು ತೊಟ್ಟಿಯ ಕೋಣೆಯಲ್ಲಿದ್ದೆ. ತಂತ್ರಜ್ಞರು ಏನೂ ಕೇಳದೆ ಒಂದು ಸ್ಟೂಲು ಹಾಕಿಕೊಟ್ಟಿದ್ದರು. ಮುಚ್ಚಳ ತೆಗೆದಾಗ ಬಿಳಿ ಹೊಗೆ ಉಕ್ಕಿ ನೆಲದ ಮೇಲೆ ಹರಿದು ನನ್ನ ಪಾದಕ್ಕೆ ತಾಗುತ್ತಿತ್ತು. ಟರ್ಪೆಂಟೈನ್ ವಾಸನೆಯೇನೂ ಬರಲಿಲ್ಲ; ಯಾವ ವಾಸನೆಯೂ ಇರಲಿಲ್ಲ. ಆದರೂ ಕೂತಿರುತ್ತಿದ್ದೆ.

ಅತ್ತೆಯನ್ನು ಕೇಳಿದೆ. "ಅದರಲ್ಲಿ ಅವನಿದಾನಾ?" ಎಂದರು. "ಅವರಿಲ್ಲ ಅತ್ತೆ. ಅವರು ಬಂದಿದ್ದ ನೆನಪಿದೆ." ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. "ನಾನು ಕೊಡು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ ಮಗಳೇ. ಒಂದು ಸಲ ನಿಮ್ಮಿಬ್ಬರ ಮಧ್ಯದ ವಿಷಯಕ್ಕೆ ಬಾಯಿ ಹಾಕಿ ಸಾಕಾಗಿದೆ."

ಡಾಕ್ಟ್ರೇ, ಹೀಗಾಗಿ ಉತ್ತರವನ್ನು ನಾನೇ ಕಂಡುಕೊಳ್ಳಬೇಕಾಯಿತು. ಇವತ್ತು ಬೆಳಿಗ್ಗೆ ಮನೆಯ ಬಾಗಿಲು ದಾಟುವವರೆಗೂ ಕಂಡಿರಲಿಲ್ಲ. ಬೇಡ ಎಂದು ಹೇಳಲು ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಪದ್ಯ ಓದುವವಳಿಗೆ ಮಾತಿಗೇನು ಬರ? ಬಾಗಿಲಲ್ಲಿ ಒಂದು ಮಾತು ಕಿವಿಗೆ ಬಿತ್ತು. ಈಗ ಹೇಳುತ್ತೇನೆ, ಎಲ್ಲರಿಗೂ ಕೇಳುವ ಹಾಗೆ: ಆ ಸೀಸೆಯನ್ನು ತೆಗೆದುಕೊಳ್ಳಿ. ಕರಗಿಸಿ. ಓದಿ. ಕರಗಿಸುವ ದಿನ ನಮ್ಮ ತಂತ್ರಜ್ಞರ ಕೈಯಿಂದಲೇ ಆಗಲಿ. ನನಗೂ ಅತ್ತೆಗೂ ಎರಡು ಕುರ್ಚಿ ಹಾಕಿಸಿ, ಕಳಿಸಿಕೊಡಲು ಬರುತ್ತೇವೆ. ಸುಳಿವು ಸಿಕ್ಕರೆ, ಯಾವುದೋ ಊರಿನ ಯಾವುದೋ ಮನೆಯಲ್ಲಿ ಒಬ್ಬಳು ತನ್ನ ಗಂಡನ ಪಕ್ಕದಲ್ಲಿ ಹೆದರದೆ ಮಲಗಲಿ. ಸಿಗದಿದ್ದರೆ, ಹುಡುಕಿದೆವಲ್ಲ.

ನಿರೂಪಕರು ಆಗಲೇ ಗಡಿಯಾರ ನೋಡುತ್ತಿದ್ದಾರೆ. ಡಾಕ್ಟ್ರೇ, ಒಂದು ಮನೆಯ ಬೀಗ ತೆಗೆಸಿದ ನಿಮಗೆ ಲಸಿಕೆ ಸಿಗಲಿಲ್ಲ ಎಂದು ಯಾರೂ ಹೇಳದಿರಲಿ. ಮನೆಗೆ ಹೋಗಿ, ಊಟದ ಹೊತ್ತಿಗೆ ಊಟ ಮಾಡಿ. ನನ್ನ ರಕ್ತಕ್ಕೆ ಹೆಸರಿಟ್ಟ ತಂತ್ರಜ್ಞರಿಗೆ, ನನ್ನನ್ನು ಮಗಳೆಂದ ಅತ್ತೆಗೆ, ಇಷ್ಟು ಹೊತ್ತು ಕೆಮ್ಮದೆ ಕುಳಿತ ನಿಮಗೆಲ್ಲ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದು ಹೇಳಿದ ಮೇಲೆ ನನಗೆ ಮಾತು ಹೊರಡುವುದೋ ಇಲ್ಲವೋ.

ಬೆಳಿಗ್ಗೆ ನಾನು, ಅತ್ತೆ ಇಬ್ಬರೂ ಹೊರಟೆವು. ಆ ಮನೆಯಲ್ಲಿರುವವರು ನಾವಿಬ್ಬರೇ. ಬಾಗಿಲು ಎಳೆದುಕೊಂಡು ಮೂರು ಮೆಟ್ಟಿಲು ಇಳಿದಿದ್ದೆವು. ಎದುರು ಮನೆಯ ಟೈಲರಮ್ಮನಿಗೆ ಸೀಸೆಯ ವಿಷಯ ಗೊತ್ತಿಲ್ಲ, ಚುಕ್ಕಿಯ ವಿಷಯವೂ ಗೊತ್ತಿಲ್ಲ. ಕುತ್ತಿಗೆಗೆ ಟೇಪು ಹಾಕಿಕೊಂಡು ತಮ್ಮ ಬಾಗಿಲಲ್ಲಿ ನಿಂತಿದ್ದವರು ಕೂಗಿ ಹೇಳಿದರು:

"ಏನ್ರಮ್ಮಾ, ಇಬ್ಬರೂ ಬೀಗ ಹಾಕದೇ ಹೊರಟ್ರಲ್ಲ! ಯಾವಾಗ್ಲೂ ಹೀಗೇ ಮಾಡ್ತೀರಿ ನೀವು, ಒಳಗೆ ಇನ್ನೂ ಯಾರೋ ಇದಾರೆ ಅನ್ನೋ ಹಾಗೆ."